ನೀರಿನ ಜಾಡು ಹಿಡಿದು ಕಂಡ ಬೀದರ್

ಬೀದರ್ ನೋಡಬೇಕೆಂಬ ಆಸೆ ಬಹಳ ವರ್ಷಗಳಿಂದ ನನ್ನದಾಗಿತ್ತು. ಕಳೆದ ಚಳಿಗಾಲದಲ್ಲಿ ಹೊರಟು ನಿಂತಾಗ ತಾವೂ ಬರುವುದಾಗಿ ಹೇಳಿ ಅಚ್ಚರಿ ಮೂಡಿಸಿದವರು ಅಪ್ಪ. ಸಣ್ಣ ನೀರಾವರಿಯ ಎಂಜಿನಿಯರ್ ಆಗಿ ಕೆರೆ, ತೂಬು, ಕೋಡಿಗಳ ನಡುವೆಯೇ ಸೇವೆ ಮುಗಿಸಿದ ಅವರಿಗೆ ಸುಲ್ತಾನರ ವಂಶಾವಳಿಯಲ್ಲಿ ಆಸಕ್ತಿಯಿರಲಿಲ್ಲ. ಎಪ್ಪತ್ತು ದಾಟಿದ ಅವರ ಮಂಡಿಗಳು ಪ್ರವಾಸಿ ಗುಂಪಿನ ವೇಗಕ್ಕೆ ಒಗ್ಗುವುದಿಲ್ಲವೆಂದು, ಪರಿಚಿತರ ಮೂಲಕ ನಮ್ಮಿಬ್ಬರಿಗೇ ಒಬ್ಬ ಗೈಡನ್ನೂ ದಿನದ ಲೆಕ್ಕದಲ್ಲಿ ಒಂದು ಕಾರನ್ನೂ ಗೊತ್ತುಮಾಡಿಕೊಂಡೆ.

ಗೈಡ್ ಐವತ್ತರ ಆಸುಪಾಸಿನವರು, ಬೀದರ್‌ನಲ್ಲೇ ಹುಟ್ಟಿ ಬೆಳೆದವರು. ನಮ್ಮೊಡನೆ ಕನ್ನಡ, ಚಾಲಕನೊಡನೆ ದಖನಿ, ಫೋನಿನಲ್ಲಿ ಇನ್ಯಾರೊಡನೆಯೋ ಮರಾಠಿ, ಹೀಗೆ ಮೂರು ಭಾಷೆಗಳ ನಡುವೆ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಓಡಾಡುತ್ತಿದ್ದರು. ಕೋಟೆಯ ಬಾಗಿಲಲ್ಲಿ ಕಾರಿನಿಂದ ಇಳಿದ ಕೂಡಲೇ ಅವರು ಕಂಠಪಾಠವಾಗಿದ್ದ ಪ್ರವೇಶಿಕೆಯನ್ನು ಆರಂಭಿಸಿದರು. ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾದದ್ದು, ಮೊದಲು ಕಲಬುರಗಿ ರಾಜಧಾನಿಯಾಗಿದ್ದದ್ದು, 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾಹ ರಾಜಧಾನಿಯನ್ನು ಇಲ್ಲಿಗೆ ತಂದದ್ದು, ಎಲ್ಲವೂ ಬಂದವು. "ಯಾಕ ತಂದ ಅಂತ ಕೇಳ್ರಿ, ಅದಕ್ಕೊಂದು ಬ್ಯಾಟಿ ಕಥಿ ಅದ" ಎಂದು ಅವರು ಸ್ವರ ಏರಿಸುವಷ್ಟರಲ್ಲಿ ಅಪ್ಪ ಕಂದಕದ ಅಂಚಿಗೆ ಹೋಗಿ ಬಗ್ಗಿ ನೋಡುತ್ತಿದ್ದರು.

"ಊರಿರುವುದು ಬೋಳು ಗುಡ್ಡದ ಮೇಲೆ. ಇದ್ದಬದ್ದ ನದಿಯೆಲ್ಲ ಕೆಳಗೆ, ದೂರದಲ್ಲಿ. ಅರಮನೆ, ಸೈನ್ಯ, ಆನೆ, ಕುದುರೆ ಇವಕ್ಕೆಲ್ಲ ಕುಡಿಯಲು ನೀರು ಎಲ್ಲಿಂದ ತರುತ್ತಿದ್ದರು?" ಎಂದು ಅಪ್ಪ ಅಲ್ಲಿಂದಲೇ ಕೇಳಿದರು.

ಗೈಡ್ ಒಂದು ಕ್ಷಣ ಸುಮ್ಮನಾದರು. ಕಥೆ ಅರ್ಧಕ್ಕೇ ನಿಂತಿತ್ತು. ಅನಂತರ ನಕ್ಕು, "ಎಲ್ಲಾರೂ ರಾಜಾ ಯಾರು, ರಾಣಿ ಎಷ್ಟು ಮಂದಿ ಅಂತ ಕೇಳ್ತಾರ್ರಿ ಸರ. ಹಂಗಾದ್ರ ಇವತ್ತು ನೀರಿನ ಬೆನ್ನು ಹತ್ತಿ ಹೋಗೋಣ್ರಿ" ಎಂದರು. ಗುಂಪಿನಲ್ಲಿ ಬಂದಿದ್ದರೆ ಈ ಮಾತು ಹುಟ್ಟುತ್ತಿರಲಿಲ್ಲ; ಅಪ್ಪನ ಪ್ರಶ್ನೆ ಮೂವತ್ತು ಜನರ ಗದ್ದಲದಲ್ಲಿ ಕಳೆದುಹೋಗುತ್ತಿತ್ತು.

ಕೋಟೆಯ ಕಂದಕವನ್ನು ಅಗೆದದ್ದು ಎನ್ನುವುದಕ್ಕಿಂತ ಬಂಡೆಯಲ್ಲಿ ಕೊರೆದದ್ದು ಎನ್ನುವುದೇ ಸರಿ. ದಕ್ಷಿಣದ ಕಡೆಯಲ್ಲಿ ಅದು ಮೂರು ಪಟ್ಟಿನದು; ನಡುನಡುವೆ ಬಂಡೆಯನ್ನೇ ಗೋಡೆಯಂತೆ ಉಳಿಸಿ ಮೂರು ಸಾಲುಗಳಲ್ಲಿ ಕಡಿದಿದ್ದಾರೆ. ಗೈಡ್ ಅದನ್ನು 'ಕೆಂಪು ಕಲ್ಲು' ಎಂದರು. ಅಪ್ಪ ಕೈಯಲ್ಲಿ ತಡವಿ ನೋಡಿ, "ಇದು ನಮ್ಮ ಜಂಬಿಟ್ಟಿಗೆಯೇ" ಎಂದರು. ನೆಲದಲ್ಲಿರುವಾಗ ಮೆತ್ತಗಿದ್ದು ಕೊಡಲಿಗೂ ಬಗ್ಗುವ ಈ ಕಲ್ಲು ಹೊರಗೆ ತೆಗೆದು ಗಾಳಿಗೆ ಬಿಟ್ಟಮೇಲೆ ಗಟ್ಟಿಯಾಗುತ್ತದೆ. ಕಂದಕದಿಂದ ತೆಗೆದದ್ದೇ ಗೋಡೆಗೆ ಒದಗುತ್ತದೆ. ಮೈಯೆಲ್ಲ ತೂತುಗಳಿರುವ ಅದರ ಮೇಲೆ ಅಪ್ಪ ಬಾಟಲಿಯಿಂದ ಸ್ವಲ್ಪ ನೀರು ಸುರಿದರು. ನೀರು ಹರಿಯಲಿಲ್ಲ, ಇಂಗಿತು. "ಈ ಗುಡ್ಡ ಒಂದು ದೊಡ್ಡ ಸ್ಪಂಜು. ಅಡಿಯಲ್ಲಿ ಕಪ್ಪು ಕಲ್ಲಿನ ಹಾಸು ಇರಲೇಬೇಕು, ಇಲ್ಲಿ ಇಂಗಿದ ಮಳೆನೀರು ಅಲ್ಲಿಯವರೆಗೆ ಇಳಿದು, ಮುಂದೆ ದಾರಿಯಿಲ್ಲದೆ ಪಕ್ಕಕ್ಕೆ ಹರಿದು, ಗುಡ್ಡದ ಅಂಚಿನಲ್ಲಿ ಎಲ್ಲಾದರೂ ಒಸರಬೇಕು" ಎಂದರು. ಒಸರುವ ಜಾಗವನ್ನು ಮಧ್ಯಾಹ್ನ ತೋರಿಸುವುದಾಗಿ ಗೈಡ್ ಮಾತು ಕೊಟ್ಟರು.

ಕೋಟೆಯೊಳಗೆ ಅವರು ನಮ್ಮನ್ನು ನಡೆಸಿದ ಕ್ರಮವೇ ಬೇರೆಯಾಗಿತ್ತು. ಸೋಲಾ ಖಂಬಾ ಮಸೀದಿಯ ಹದಿನಾರು ಕಂಬಗಳನ್ನು ಎಣಿಸುವ ಬದಲು, ಅದರ ಮುಂದಿನ ಲಾಲ್ ಬಾಗ್‌ನ ಕಾಲುವೆಯಲ್ಲಿ ಒಂದು ಕಾಲದಲ್ಲಿ ನೀರು ಓಡುತ್ತಿದ್ದ ಬಗೆಯನ್ನು ತೋರಿಸಿದರು. ಈಗ ವಸ್ತುಸಂಗ್ರಹಾಲಯವಾಗಿರುವ ಶಾಹಿ ಹಮಾಮ್‌ನಲ್ಲಿ ಅಪ್ಪ ಗಾಜಿನ ಪೆಟ್ಟಿಗೆಗಳ ಕಡೆ ಕಣ್ಣೆತ್ತದೆ, ಇದು ಸ್ನಾನದ ಮನೆಯಾಗಿದ್ದಾಗ ಬಿಸಿನೀರು ಯಾವ ಗೋಡೆಯೊಳಗಿನಿಂದ ಬರುತ್ತಿದ್ದಿರಬಹುದೆಂದು ಮೂಲೆಮೂಲೆ ಹುಡುಕಿದರು. ತಖ್ತ್ ಮಹಲಿನ ಕಮಾನಿನ ಮೇಲಿರುವ, ಹುಲಿಯ ಬೆನ್ನ ಹಿಂದೆ ಸೂರ್ಯ ಮೂಡುವ ಲಾಂಛನವನ್ನು ನೋಡಲು ಮಾತ್ರ ನಾನು ಹಟ ಹಿಡಿಯಬೇಕಾಯಿತು.

ರಂಗೀನ್ ಮಹಲಿಗೆ ಬೀಗ ಹಾಕಿತ್ತು. ಸಿಬ್ಬಂದಿ ಬಂದು ತೆರೆಯುವವರೆಗೆ ಅರ್ಧ ಗಂಟೆ ನೆರಳಿನಲ್ಲಿ ಕುಳಿತೆವು. ಹೀಗೆ ಕಾಯುವ ಪುರುಸೊತ್ತು ಸಹ ಖಾಸಗಿ ಗೈಡಿಗೆ ಕೊಟ್ಟ ಹಣದಲ್ಲೇ ಸೇರಿದೆ ಎಂದುಕೊಂಡೆ. ಒಳಗೆ ಹೋದಮೇಲೆ ಅಪ್ಪನೂ ನೀರನ್ನು ಮರೆತರು. ಮರದ ಕೆತ್ತನೆಯ ಕಂಬಗಳನ್ನು ದಾಟಿ ಒಳಕೋಣೆಯ ಬಾಗಿಲಿಗೆ ಬಂದರೆ, ಕನ್ನಡಿಯಂತೆ ನಯಗೊಳಿಸಿದ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿ ಬಳ್ಳಿಗಳನ್ನೂ ಪಾರಸಿ ಅಕ್ಷರಗಳನ್ನೂ ಅರಳಿಸಿದ್ದಾರೆ. ಬಹಮನಿಗಳ ಕಾಲ ಮುಗಿದು ಬರೀದ್ ಶಾಹಿಗಳ ಕೈಗೆ ರಾಜ್ಯ ಬಂದಮೇಲೆ, 1542ರಿಂದ ಆಳಿದ ಅಲಿ ಬರೀದ್ ಮಾಡಿಸಿದ ಕೆಲಸವಿದು. ರಾಜ್ಯ ಕುಗ್ಗುತ್ತಾ ಹೋದಂತೆ ಕುಸುರಿ ಸೂಕ್ಷ್ಮವಾಗುತ್ತಾ ಹೋಯಿತೇ ಎಂದು ನನಗೆ ಅನ್ನಿಸಿತು. ಆದರೆ ಒಂದು ಕೋಣೆಯನ್ನು ನೋಡಿ ಅಷ್ಟು ದೊಡ್ಡ ಮಾತಾಡುವ ಧೈರ್ಯ ನನಗಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ನೌಬಾದ್‌ಗೆ ಬಂದೆವು. ಪುಸ್ತಕಗಳಲ್ಲಿ 'ಕರೇಜ್' ಎಂದು ಹೆಸರಿರುವುದನ್ನು ಇಲ್ಲಿಯವರು 'ಸುರಂಗ ಬಾವಿ' ಎನ್ನುತ್ತಾರೆ. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಅಪ್ಪನ ಮುಖ ಅರಳಿತು. ಪುತ್ತೂರಿನ ಕಡೆ ಕೆಲಸದಲ್ಲಿದ್ದಾಗ, ಜಂಬಿಟ್ಟಿಗೆಯ ಗುಡ್ಡಕ್ಕೆ ಅಡ್ಡಲಾಗಿ ಮನುಷ್ಯ ನುಗ್ಗುವಷ್ಟು ಅಗಲದ ಸುರಂಗ ಕೊರೆದು, ಅದರಿಂದ ಒಸರುವ ನೀರನ್ನು ಅಡಿಕೆ ತೋಟಕ್ಕೆ ತಿರುಗಿಸಿಕೊಂಡಿದ್ದ ಮನೆಗಳನ್ನು ಅವರು ಕಂಡಿದ್ದರು. ಅದು ಒಂದು ಮನೆಯ ನೀರು. ಇದು ಒಂದು ರಾಜಧಾನಿಯ ನೀರು. ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ನೆಲದಡಿಯಲ್ಲಿ ಹಗುರ ಇಳಿಜಾರಿನಲ್ಲಿ ಸಾಗುವ ಕಾಲುವೆ, ಅದಕ್ಕೆ ಗಾಳಿ ಬೆಳಕು ಕೊಡಲು ಮತ್ತು ಅಗೆದ ಮಣ್ಣು ಮೇಲೆತ್ತಲು ಸಾಲಾಗಿ ತೋಡಿದ ಬಾವಿಗಳು. ಮೇಲಿನಿಂದ ನೋಡುವವರಿಗೆ ಅವು ಒಂದಕ್ಕೊಂದು ಸಂಬಂಧವಿಲ್ಲದ ಬಾವಿಗಳಂತೆಯೇ ಕಾಣುತ್ತವೆ. ಬಹಳ ಕಾಲ ಹೂಳು, ಕಸ ತುಂಬಿ ಮರೆತುಹೋಗಿದ್ದ ಇದನ್ನು 2015ರ ಆಸುಪಾಸಿನಲ್ಲಿ ಸ್ವಚ್ಛಗೊಳಿಸಿದಾಗ ಮತ್ತೆ ನೀರು ಕಾಣಿಸಿಕೊಂಡಿತೆಂದು ಗೈಡ್ ವಿವರಿಸಿದರು. ಅಹ್ಮದ್ ಶಾಹನ ಕಾಲದಲ್ಲಿ ಇರಾನಿನಿಂದ ಸಂತರೂ ವಿದ್ವಾಂಸರೂ ಕುಶಲಕರ್ಮಿಗಳೂ ಬೀದರ್‌ಗೆ ಬಂದರು. ನೆಲದಡಿಯಲ್ಲಿ ನೀರು ನಡೆಸುವ ಈ ವಿದ್ಯೆಯೂ ಅವರ ಜೊತೆಗೇ ಬಂದಿರಬೇಕು ಎಂಬುದು ಗೈಡ್ ಅವರ ಲೆಕ್ಕ.

ಅಪ್ಪ ಒಂದು ಬಾವಿಯ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದರು. ಇಳಿಜಾರು ಸ್ವಲ್ಪ ಹೆಚ್ಚಾದರೆ ನೀರು ನೆಲವನ್ನು ಕೊರೆಯುತ್ತದೆ, ಸ್ವಲ್ಪ ಕಡಿಮೆಯಾದರೆ ನಿಂತು ಹೂಳಾಗುತ್ತದೆ; ಲೆವೆಲ್ ಉಪಕರಣವಿಲ್ಲದೆ ಕತ್ತಲೆಯಲ್ಲಿ ಅಷ್ಟುದ್ದ ಅದನ್ನು ಹಿಡಿದುಕೊಂಡು ಹೋದವರ ಹೆಸರು ಯಾವ ಶಾಸನದಲ್ಲಾದರೂ ಇದೆಯೇ ಎಂದು ಕೇಳಿದರು. ಗೈಡ್ ತಲೆಯಾಡಿಸಿ, "ಇಲ್ರಿ ಸರ, ಕಟ್ಟಿಸಿದವರದಷ್ಟೇ ಇರ್ತದ" ಎಂದರು.

ಮಧ್ಯಾಹ್ನ, ಕೊಟ್ಟ ಮಾತಿನಂತೆ, ಒಸರುವ ಜಾಗಕ್ಕೆ ಕರೆದೊಯ್ದರು. ಗುರುದ್ವಾರ ನಾನಕ್ ಝೀರಾ ಸಾಹಿಬ್‌ನಲ್ಲಿ ಕೆಂಪು ಕಲ್ಲಿನ ಗುಡ್ಡದ ಬುಡದಿಂದ ನೀರು ಹೊರಬೀಳುತ್ತದೆ. ಸವುಳು ನೀರಿನಿಂದ ಬೇಸತ್ತಿದ್ದ ಜನರಿಗಾಗಿ ಗುರುನಾನಕರು ಪಾದದಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತೆಂಬುದು ಅಲ್ಲಿಯ ನಂಬಿಕೆ. ಬೆಳಗಿನಿಂದ ಸ್ಪಂಜು, ಹಾಸುಗಲ್ಲು ಎಂದು ವಿವರಿಸುತ್ತಿದ್ದ ಅಪ್ಪ ಇಲ್ಲಿ ಏನೂ ಹೇಳದೆ ತಲೆಗೆ ಬಟ್ಟೆ ಕಟ್ಟಿಕೊಂಡು, ಎರಡೂ ಕೈಯೊಡ್ಡಿ ನೀರು ಕುಡಿದರು. ಲಂಗರ್‌ನ ಊಟ ಮುಗಿಸಿ ಹೊರಟೆವು.

ಮಹಮೂದ್ ಗವಾನನ ಮದರಸಾಕ್ಕೆ ಆ ದಿನ ನಾನು ನ್ಯಾಯ ಒದಗಿಸಲಿಲ್ಲ. 1472ರಲ್ಲಿ ಪೂರ್ಣಗೊಂಡ ಮೂರು ಅಂತಸ್ತಿನ ಆ ವಿದ್ಯಾಲಯ, ಸಿಡಿಮದ್ದಿನ ಸ್ಫೋಟದಲ್ಲಿ ಮುಂಭಾಗದ ಒಂದು ಪಾರ್ಶ್ವ ಕಳೆದುಕೊಂಡರೂ, ಉಳಿದ ಒಂದು ಮಿನಾರಿನ ಮೇಲೆ ನೀಲಿ ಹೆಂಚುಗಳ ಅಂಕುಡೊಂಕು ಗೆರೆಗಳನ್ನು ಇನ್ನೂ ಹೊತ್ತುಕೊಂಡಿದೆ. ಅದನ್ನು ಕಟ್ಟಿಸಿದ ಪರದೇಶಿ ಮಂತ್ರಿಯನ್ನು ಸುಳ್ಳು ಪತ್ರವೊಂದರ ಆಧಾರದಲ್ಲಿ 1481ರಲ್ಲಿ ಕೊಲ್ಲಿಸಲಾಯಿತು. ಇದಕ್ಕೇ ಒಂದು ದಿನ ಬೇಕು.

ಹಳೆಯ ಪೇಟೆಯಲ್ಲಿ ಬಿದರಿ ಕೆಲಸದ ಅಂಗಳವೊಂದರಲ್ಲಿ ಮಾತ್ರ ನೀರಿನ ಕಥೆಗೆ ಎಣಿಸದ ತಿರುವು ಸಿಕ್ಕಿತು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿದ ಪಾತ್ರೆ ಕೊನೆಯ ಹಂತದವರೆಗೂ ಬೂದು ಬಣ್ಣದ್ದೇ. ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ದ್ರಾವಣ ತಾಗಿದಾಗ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ಕೋಟೆಯಲ್ಲಿ ಎಲ್ಲೆಂದರಲ್ಲಿ ಸಿಗುವುದಲ್ಲ. ಬಿಸಿಲೂ ಮಳೆಯೂ ಕಾಣದ ಹಳೆಯ ಕಟ್ಟಡಗಳ ಒಳಗಿನದಾಗಿರಬೇಕು. ಕೆಲಸಗಾರರು ಚಿಟಿಕೆ ಮಣ್ಣನ್ನು ನಾಲಿಗೆಗೆ ಇಟ್ಟು ನೋಡಿಯೇ ಆರಿಸುತ್ತಾರೆ. ಅಪ್ಪನಿಗೂ ಒಂದು ಚಿಟಿಕೆ ಕೊಟ್ಟರು. ಅವರು ರುಚಿ ನೋಡಿ, ಮುಖ ಕಿವುಚಿ, "ಉಪ್ಪು" ಎಂದರು. ಬೆಳಗಿನಿಂದ ನೀರು ಇಳಿದ ದಾರಿಯನ್ನೇ ನೋಡುತ್ತ ಬಂದ ನಮಗೆ, ನೀರು ಮುಟ್ಟದೆ ಉಳಿದ ಜಾಗವೇ ಈ ಊರಿನ ಹೆಸರು ಹೊತ್ತ ಕಲೆಯನ್ನು ಕಾಪಾಡಿದೆ ಎಂದು ತಿಳಿದದ್ದು ಅಲ್ಲಿ.

ಸಂಜೆ ಅಷ್ಟೂರಿನ ಗೋರಿಗಳ ಬಳಿಗೆ ಹೋದಾಗ ಸೂರ್ಯ ಇಳಿಯತೊಡಗಿದ್ದ. ಅಹ್ಮದ್ ಶಾಹನ ಗೋರಿಯ ಒಳಗೆ ಕತ್ತಲೆ. ಅಲ್ಲಿ ನೋಡಿಕೊಳ್ಳುವವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಬೆಳಕಿನ ತುಂಡು ಹರಿದಾಡಿದಲ್ಲೆಲ್ಲ ಕೆಂಪು, ಬಂಗಾರದ ಬಣ್ಣದ ಚಿತ್ತಾರಗಳೂ ಅಕ್ಷರಗಳೂ ಎದ್ದು ಮತ್ತೆ ಕತ್ತಲೆಗೆ ಸೇರುತ್ತಿದ್ದವು. ಈ ಸುಲ್ತಾನನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎನ್ನುತ್ತಾರೆ, ಲಿಂಗಾಯತರಲ್ಲಿ ಕೆಲವರು ಅಲ್ಲಮಪ್ರಭುವಿನ ಅವತಾರವೆನ್ನುತ್ತಾರೆ. ಹೋಳಿಯ ನಂತರ ನಡೆಯುವ ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆವು. ನಾನು ಹಣ ಎಣಿಸಿ ಕೊಟ್ಟೆ. ಗೈಡ್ ಅದನ್ನು ಜೇಬಿಗಿಟ್ಟು ಏಳಬೇಕೆನ್ನುವಾಗ ಅಪ್ಪ ಅವರ ಕೈ ಹಿಡಿದು, "ಕೂತ್ಕೊಳ್ಳಿ. ಬೆಳಿಗ್ಗೆ ನಿಮ್ಮ ಮಾತಿಗೆ ನಾನು ಅಡ್ಡ ಬಂದೆ. ಅದೇನೋ ಬೇಟೆಯ ಕಥೆ ಅಂದಿರಲ್ಲ" ಎಂದರು.

ಗೈಡ್ ಗೋರಿಗಳ ಕಡೆ ಒಮ್ಮೆ ತಿರುಗಿ ನೋಡಿ, ಗಂಟಲು ಸರಿಮಾಡಿಕೊಂಡು ಆರಂಭಿಸಿದರು: "ಬಾದಶಾ ಒಂದಿನ ಬ್ಯಾಟಿಗಿ ಬಂದಿದ್ದನ್ರಿ. ಸಂಗಾಟ ನಾಯಿ ಇದ್ದವು..."