ಬುಧವಾರದ ಪಟ್ಟಿ

12 ಜೂನ್ 2024, ಬುಧವಾರ

ಬುಧವಾರ ಬಂತು ಅಂದ್ರೆ ನನಗೆ ಪಟ್ಟಿಯ ದಿನ. ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಫೋನಿನಿಂದ, ಎಚ್‌ಐವಿಗೆ ಮಾತ್ರೆ ತಗೊಳ್ಳುವ ನಮ್ಮವರಿಗೆಲ್ಲ ಒಂದೇ ಸಾಲಿನ ಮೆಸೇಜ್ ಹೋಗುತ್ತದೆ: 'ಹೇಗಿದ್ದೀರಿ?' ಅಷ್ಟೇ. 'ಚೆನ್ನಾಗಿದ್ದೀನಿ' ಅಂತ ಬಂದರೆ ಸಮಾಧಾನ. 'ತೊಂದ್ರೆ' ಅಂತ ಬಂದರೆ ಫೋನ್ ಮಾಡುತ್ತೇನೆ. 48 ಗಂಟೆ ಕಳೆದರೂ ಏನೂ ಹೇಳದವರ ಹೆಸರು ಬುಧವಾರದ ಪಟ್ಟಿಗೆ ಸೇರುತ್ತದೆ. ಇವತ್ತು ಒಂಬತ್ತು ಜನ ಇದ್ದರು.

ಇದು ನಾವು ಕಂಡುಹಿಡಿದ ದಾರಿಯಲ್ಲ. ಕೀನ್ಯಾದ ಮೂರು ಕ್ಲಿನಿಕ್‌ಗಳಲ್ಲಿ, ಹೊಸದಾಗಿ ಎಚ್‌ಐವಿ ಚಿಕಿತ್ಸೆ ಶುರು ಮಾಡಿದ 538 ಜನರ ಜೊತೆ ಇದನ್ನು ಮಾಡಿ ನೋಡಿದ್ದರು. ಅದರ ವರದಿ 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರ್ಧದಷ್ಟು ಜನರಿಗೆ ನರ್ಸ್ ವಾರಕ್ಕೊಮ್ಮೆ ಸ್ವಾಹಿಲಿಯಲ್ಲಿ 'ಮಾಂಬೊ?' ಅಂತ ಕೇಳುತ್ತಿದ್ದರು. ಚೆನ್ನಾಗಿದ್ದರೆ 'ಸಾವಾ', ಏನಾದರೂ ಕಷ್ಟ ಇದ್ದರೆ 'ಶಿದಾ'. ವರ್ಷ ತುಂಬುವ ಹೊತ್ತಿಗೆ ಮೆಸೇಜ್ ಪಡೆದವರಲ್ಲಿ ನೂರಕ್ಕೆ 57 ಜನರ ವೈರಸ್ ಹತೋಟಿಯಲ್ಲಿತ್ತು, ಪಡೆಯದವರಲ್ಲಿ 48 ಜನರದ್ದು. ಆ ಮೆಸೇಜಿನಲ್ಲಿ ಮಾತ್ರೆಯ ಸುದ್ದಿಯೇ ಇರಲಿಲ್ಲ!

ದಕ್ಷಿಣ ಭಾರತದಲ್ಲೂ 631 ಜನರ ಜೊತೆ ಇಂಥದ್ದೇ ಒಂದು ಪ್ರಯತ್ನ ನಡೆದಿತ್ತು. ಮಾತ್ರೆ ನೆನಪಿಸಲು ವಾರಕ್ಕೊಮ್ಮೆ ಕಂಪ್ಯೂಟರಿನಿಂದ ತಾನಾಗಿಯೇ ಬರುವ ಕರೆ, ಜೊತೆಗೊಂದು ಚಿತ್ರದ ಮೆಸೇಜ್. 2014ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂದಾಗ, ಕರೆ ಹೋದವರಿಗೂ ಹೋಗದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಓದಿದಾಗ ಬೇಜಾರಾಗಿತ್ತು. ಯಾಕೆ ಹಾಗಾಯಿತು ಅನ್ನೋದಕ್ಕೆ ಕಾರಣ ಬೇರೆ ಬೇರೆ ಇರಬಹುದು. ನನ್ನ ಅನುಭವದಲ್ಲಿ ಮಾತ್ರ, ಜನ ಮಾತ್ರೆ ಬಿಡುವುದು ಬರೀ ಮರೆತು ಅಲ್ಲ. ಕೆಲಸ ಹೋಗಿರುತ್ತದೆ, ಮನೆಯಲ್ಲಿ ಜಗಳ ಆಗಿರುತ್ತದೆ, ಮಾತ್ರೆ ಡಬ್ಬಿ ಇಟ್ಟುಕೊಳ್ಳಲು ಒಂದು ಜಾಗ ಇರುವುದಿಲ್ಲ. 'ಮಾತ್ರೆ ತಗೊಳ್ಳಿ' ಅನ್ನುವ ದನಿಗೆ ಇದನ್ನೆಲ್ಲ ಹೇಳೋದು ಹೇಗೆ?

ಮೊದಲು ನಾನಿದ್ದ ಒಂದು ಕಡೆ, ಮೆಸೇಜಿನಲ್ಲಿ ಮಾತ್ರೆಯ ಹೆಸರೂ ಕೇಂದ್ರದ ಹೆಸರೂ ಇರುತ್ತಿದ್ದವು. ಒಬ್ಬ ಹುಡುಗಿಯ ಫೋನ್ ಮೇಜಿನ ಮೇಲಿತ್ತಂತೆ. ಲಾಕ್ ತೆಗೆಯುವುದೂ ಬೇಕಾಗಲಿಲ್ಲ, ಸ್ಕ್ರೀನಿನ ಮೇಲೇ ಎಲ್ಲ ಕಾಣಿಸಿತು. ಓದಿದ್ದು ಅವಳ ಅಣ್ಣ. ಆಮೇಲೆ ಅವಳು ಬರಲೇ ಇಲ್ಲ. ಆ ಮೆಸೇಜ್ ಕಳಿಸುವ ಬಟನ್ ಒತ್ತಿದ್ದು ನಾನೇ. ಇವತ್ತಿಗೂ ಏನನ್ನಾದರೂ ಕಳಿಸುವ ಮುಂಚೆ ಎರಡು ಸಲ ಓದುತ್ತೇನೆ.

ಹಾಗಾಗಿ ಈಗ ಹೊಸಬರು ಬಂದಾಗ ಮಾತ್ರೆಗಿಂತ ಮುಂಚೆ ಫೋನಿನ ಮಾತಾಡುತ್ತೇವೆ. ಈ ಫೋನ್ ನಿಮ್ಮೊಬ್ಬರದೇನಾ? ಬೇರೆ ಯಾರು ತೆಗೆಯುತ್ತಾರೆ? ಯಾವ ಹೊತ್ತಿಗೆ ಮಾಡಬೇಕು? ಮೆಸೇಜ್ ಬೇಡವೇ ಬೇಡ ಅನ್ನುವವರಿಗೆ ಕಳಿಸುವುದಿಲ್ಲ. ನಂಬರ್ ಬದಲಾದರೆ ಯಾರನ್ನು ಕೇಳಬಹುದು ಅಂತ, ಅವರು ಒಪ್ಪಿದರೆ ಮಾತ್ರ, ಇನ್ನೊಂದು ನಂಬರ್ ಬರೆದುಕೊಳ್ಳುತ್ತೇವೆ. ಒಬ್ಬ ಅಮ್ಮನ ಹತ್ತಿರ ಇರೋದು ಮಗನ ಹಳೇ ಫೋನ್. ಸ್ಕ್ರೀನ್ ಒಡೆದಿದೆ, ಹಿಂದಿನ ಮುಚ್ಚಳ ಬೀಳದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. ನನ್ನ ನಂಬರನ್ನು ಅವರು 'ಟೈಲರ್' ಅಂತ ಸೇವ್ ಮಾಡಿಸಿಕೊಂಡರು. ಮಗ ಫೋನ್ ತೆಗೆದರೆ 'ಬಟ್ಟೆ ರೆಡಿ ಇದೆ, ಅಮ್ಮನಿಗೆ ಹೇಳಪ್ಪಾ' ಅನ್ನಬೇಕು. ಆ ಮಾತು ಅವರೇ ಆರಿಸಿಕೊಂಡದ್ದು.

ಇವತ್ತಿನ ಒಂಬತ್ತರಲ್ಲಿ ಐದು ಸುಲಭವಾಗಿ ಮುಗಿದವು. ಕರೆನ್ಸಿ ಖಾಲಿ, ಚಾರ್ಜ್ ಇರಲಿಲ್ಲ, ಸುಮ್ನೆ ಮರೆತಿದ್ದೆ, ಹೀಗೆ. ಇಬ್ಬರದು ಸ್ವಿಚ್ ಆಫ್. ಅವರ ಇನ್ನೊಂದು ನಂಬರಿಗೆ ನಾಳೆ ಮಾಡಬೇಕು.

ಎಂಟನೆಯವನು ತುಂಬಾ ಹೊತ್ತು ತೆಗೆಯಲಿಲ್ಲ. ಮೂರನೇ ಸಲಕ್ಕೆ ತೆಗೆದ. ಹಿಂದೆ ಗಾಡಿಗಳ ಸದ್ದು. 'ಹೇಗಿದ್ದೀಯಪ್ಪಾ' ಅಂದೆ. ಮಾತಿಲ್ಲ. ಆಮೇಲೆ ಕೇಳಿದ, 'ಬೈತೀರಾ ಅಕ್ಕಾ?'

ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗಿದ್ದಾನೆ. ಒಂದು ಕೋಣೆಯಲ್ಲಿ ಆರು ಜನ. ಮಾತ್ರೆ ಮುಗಿದು ಹನ್ನೊಂದು ದಿನ ಆಗಿದೆ. ತಪ್ಪಿಸಿದ್ದಕ್ಕೆ ಹಿಂದೊಮ್ಮೆ ಯಾರೋ ಎಲ್ಲರೆದುರು ಬೈದಿದ್ದರಂತೆ, ಅದೇ ಹೆದರಿಕೆಗೆ ಮೆಸೇಜ್ ನೋಡಿಯೂ ಸುಮ್ಮನಿದ್ದ. ಬೈಯಲ್ಲ ಅಂದೆ. ಬೈದು ಕಳಿಸಿದವರು ಮುಂದಿನ ಸಲ ಸುಳ್ಳು ಹೇಳುತ್ತಾರೆ, ಅದರ ಮುಂದಿನ ಸಲ ಬರುವುದೇ ಇಲ್ಲ. ಇದನ್ನು ನಾನು ಎಷ್ಟು ನೋಡಿಲ್ಲ!

ಮಾತ್ರೆ ನಿಂತಾಗ ವೈರಸ್ ಮತ್ತೆ ಹೆಚ್ಚಾಗುತ್ತದೆ, ಬಿಟ್ಟು ಬಿಟ್ಟು ತಗೊಂಡರೆ ಮಾತ್ರೆಗೇ ಬಗ್ಗದಂತೆ ಆಗಬಹುದು ಅಂತ ನಿಧಾನವಾಗಿ ಹೇಳಿದೆ. ತಿರುಗಿ ಸರಿಯಾಗಿ ತಗೊಂಡರೆ ಮತ್ತೆ ಹತೋಟಿಗೆ ಬರುವ ಸಾಧ್ಯತೆ ಜಾಸ್ತಿ ಅಂತಲೂ ಹೇಳಿದೆ. 'ಮದುವೆ ಮಾತು ನಡೀತಿದೆ ಅಕ್ಕಾ' ಅಂದ. ಹುಡುಗಿಗೆ ಮೊದಲೇ ನಿಜ ಹೇಳಬೇಕು, ಹೇಳುವುದಕ್ಕೆ ಬೇಕಾದರೆ ನಾನೂ ಜೊತೆಗಿರುತ್ತೇನೆ ಅಂದೆ. ವೈರಲ್ ಲೋಡ್, ಅಂದ್ರೆ ಒಂದು ಮಿಲಿಲೀಟರ್ ರಕ್ತದಲ್ಲಿರುವ ವೈರಸ್ ಲೆಕ್ಕ, 200ಕ್ಕಿಂತ ಕೆಳಗೇ ಇದ್ದರೆ ಲೈಂಗಿಕ ಸಂಪರ್ಕದಿಂದ ಅವಳಿಗೆ ಹರಡುವುದಿಲ್ಲ ಅನ್ನುವುದನ್ನೂ ಹೇಳಿದೆ. ಅದನ್ನು ಅವನು ಎರಡು ಸಲ ಹೇಳಿಸಿಕೊಂಡ. ಅಲ್ಲೇ ಹತ್ತಿರದಲ್ಲಿ ಮಾತ್ರೆ ಸಿಗುವ ಕ್ಲಿನಿಕ್ ಹುಡುಕಿ, ಅಲ್ಲಿಯ ಸಿಸ್ಟರ್ ಜೊತೆ ಮಾತಾಡಿ, ನಾಳೆ ಬೆಳಿಗ್ಗೆ ಬರುತ್ತಾನೆ ಅಂತ ತಿಳಿಸಿದೆ. ಇಪ್ಪತ್ತೇಳು ನಿಮಿಷದ ಕರೆ. ಇಂಥ ಕರೆಗೆ ನಮ್ಮ ರಿಜಿಸ್ಟರಿನಲ್ಲಿ ಒಂದು ಕಾಲಂ ಕೂಡ ಇಲ್ಲ. ಮೆಸೇಜ್ ಕಳಿಸುವ ಸಾಫ್ಟ್‌ವೇರಿಗೆ ದುಡ್ಡು ಹೊಂದಿಸುವವರು, ಉತ್ತರ ಓದಿ ಫೋನ್ ಮಾಡುವವರ ಸಂಬಳಕ್ಕೂ ಹೊಂದಿಸಬೇಕು ಅಲ್ವಾ?

ಕೊನೆಗೆ ಉಳಿದದ್ದು ಟೈಲರ್ ಅಮ್ಮ. ಅವರು ಹೇಳಿದ ಹೊತ್ತಿಗೇ, ಮಧ್ಯಾಹ್ನ ಮೂರಕ್ಕೆ ಮಾಡಿದೆ. ಮಗ ತೆಗೆದ. ಬಟ್ಟೆ ರೆಡಿ ಇದೆ ಅಂದೆ. 'ಆಯ್ತು' ಅಂತ ಇಟ್ಟ. ಹೇಳಿದನೋ ಇಲ್ಲವೋ ಗೊತ್ತಾಗಲಿಲ್ಲ. ಕ್ಲಿನಿಕ್ ಬಾಗಿಲು ಹಾಕುವವರೆಗೂ ಫೋನ್ ನೋಡುತ್ತಲೇ ಇದ್ದೆ.

ರಾತ್ರಿ 8.50ಕ್ಕೆ ಮೆಸೇಜ್ ಬಂತು. 'ಮೈ ಹುಷಾರಿರಲಿಲ್ಲ. ಬಟ್ಟೆ ಯಾವಾಗ ತಗೊಳ್ಳಲಿ?'

'ಶುಕ್ರವಾರ ಹನ್ನೊಂದಕ್ಕೆ ಬನ್ನಿ, ಎತ್ತಿಟ್ಟಿರ್ತೀನಿ' ಅಂತ ಬರೆದೆ. ಎರಡು ಸಲ ಓದಿ ಕಳಿಸಿದೆ.