ಸೆನ್ಸರ್ ಹೇಳೋದು ಅದರದ್ದೇ ಟೆಂಪರೇಚರ್

ನಾನಿರೋದು ಬೆಂಗಳೂರಲ್ಲಿ, ಸ್ಯಾಟಲೈಟ್‌ಗೆ ಹೋಗೋ ಬಾಕ್ಸ್‌ಗಳನ್ನ ಥರ್ಮೋವ್ಯಾಕ್ ಚೇಂಬರ್‌ಗೆ ಹಾಕಿ ಟೆಸ್ಟ್ ಮಾಡೋ ಜಾಗದಲ್ಲಿ. ಚೇಂಬರ್ ಅಂದ್ರೆ ಅಡ್ಡ ಮಲಗಿಸಿರೋ ದೊಡ್ಡ ಸ್ಟೀಲ್ ಟ್ಯಾಂಕು, ಒಳಗಿರೋ ಗಾಳಿಯನ್ನೆಲ್ಲ ಪಂಪ್ ಹೊರಗೆಳೀತದೆ, ಗೋಡೆ ಸುತ್ತ ಕಪ್ಪು ಪೇಂಟ್ ಹೊಡೆದಿರೋ ಲೋಹದ ಹೊದಿಕೆ, ಅದಕ್ಕೆ ಶ್ರೌಡು ಅಂತೀವಿ, ಅದರ ಪೈಪಲ್ಲಿ ಲಿಕ್ವಿಡ್ ನೈಟ್ರೋಜನ್, ಅದು ಕುದಿಯೋದೇ ಮೈನಸ್ 196 ಡಿಗ್ರಿಯಲ್ಲಿ. ಬಾಕ್ಸ್ ಯಾರದ್ದು, ಒಳಗೇನಿದೆ ಅನ್ನೋದನ್ನ ಇಲ್ಲಿ ಬರೆಯೋ ಹಾಗಿಲ್ಲ, ನಮಗೂ ಎಷ್ಟೋ ಸಲ ಗೊತ್ತಿರಲ್ಲ ಬಿಡಿ. ನಮ್ ಪಾಲಿನ ಕೆಲಸ ಟೆಂಪರೇಚರ್ ಸೆನ್ಸರ್ ಅಂಟಿಸೋದು, ರೀಡಿಂಗ್ ತಗೊಳ್ಳೋದು, ಅದು ನಂಬೋ ಹಾಗಿದೆಯಾ ಇಲ್ವಾ ಅಂತ ಹೇಳೋದು. ಮೂರನೇದು ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಇರ್ಲಿಲ್ಲ, ಆದ್ರೆ ಸಂಬಳ ಬರ್ತಿರೋದು ಅದಕ್ಕೇ ಅಂತ ಈಗ ಅನ್ಸುತ್ತೆ.

ಹೊಸದಾಗಿ ಸೇರೋ ಹುಡುಗ್ರು ಎಲ್ರೂ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ನೋಡ್ತಾರೆ, ಕಾಲು ಡಿಗ್ರಿ ಅಕ್ಯುರೆಸಿ ಅಂತ ಇದ್ರೆ ಮುಗೀತು, ಅವರ ಪ್ರಕಾರ ಸ್ಕ್ರೀನ್ ಮೇಲೆ ಬಂದಿದ್ದೆಲ್ಲ ಕಾಲು ಡಿಗ್ರಿಯೊಳಗೆ ಸರಿ. ಸರ್ಟಿಫಿಕೇಟ್ ಸುಳ್ಳಲ್ಲ, ಆದ್ರೆ ಅದು ಮಾತಾಡೋದು ಸೆನ್ಸರ್‌ನ ತುದಿ ಬಗ್ಗೆ ಮಾತ್ರ. ಆ ತುದಿ ಮತ್ತೆ ನೀವು ಅಳೀಬೇಕಾಗಿರೋ ಪ್ಲೇಟು ಒಂದೇ ಟೆಂಪರೇಚರ್‌ನಲ್ಲಿವೆ ಅಂತ ಯಾವ ಲ್ಯಾಬೂ ಬರೆದುಕೊಡಲ್ಲ. ಶರ್ಟ್ ಮೇಲೆ ಥರ್ಮಾಮೀಟರ್ ಇಟ್ಟು ಮಗುಗೆ ಜ್ವರ ಇಲ್ಲ ಅಂದಂಗೆ.

ಒಂದ್ ಸಲ ರಾತ್ರಿ ಶಿಫ್ಟು, ಕೋಲ್ಡ್ ಸೋಕ್ ನಡೀತಿತ್ತು, ಅಂದ್ರೆ ಬಾಕ್ಸ್‌ನ ತಣ್ಣಗೆ ಮಾಡಿ ಗಂಟೆಗಟ್ಟಲೆ ಹಂಗೇ ಹಿಡ್ಕೊಳ್ಳೋದು. ಬೇಸ್‌ಪ್ಲೇಟ್ ಮೇಲಿರೋ ಒಂದು ಚಾನೆಲ್, ಅಂದ್ರೆ ಒಂದು ಸೆನ್ಸರ್ ರೀಡಿಂಗ್ ಮಾತ್ರ ಅಕ್ಕಪಕ್ಕದವಕ್ಕಿಂತ ನಾಲ್ಕೈದು ಡಿಗ್ರಿ ಕಮ್ಮಿ ತೋರಿಸ್ತಾ ಇತ್ತು. ಕಸ್ಟಮರ್ ಕಡೆಯಿಂದ ಬಂದಿದ್ದ ಇಂಜಿನಿಯರ್‌ಗೆ ಟೆನ್ಷನ್ನು, ಹೀಟರ್ ಹೋಗಿದೆ, ಚೇಂಬರ್ ಓಪನ್ ಮಾಡಿ ಅಂತ ಒಂದೇ ಹಟ. ಓಪನ್ ಮಾಡೋದು ಅಂದ್ರೆ ಬಾಗಿಲು ತೆಗೆದಷ್ಟು ಸುಲಭ ಅಲ್ಲ ಸ್ವಾಮಿ, ಮೊದ್ಲು ಎಲ್ಲಾನೂ ರೂಮ್ ಟೆಂಪರೇಚರ್‌ಗೆ ತರ್ಬೇಕು, ಇಲ್ಲಾಂದ್ರೆ ತಣ್ಣಗಿರೋ ಹಾರ್ಡ್‌ವೇರ್ ಮೇಲೆ ತೇವ ಕೂತ್ಕೊಳ್ಳುತ್ತೆ, ಆಮೇಲೆ ನಿಧಾನಕ್ಕೆ ಗಾಳಿ ಬಿಡ್ಬೇಕು, ನೋಡಿ ಮುಚ್ಚಿ ಮತ್ತೆ ಪಂಪ್ ಮಾಡಿ ತಣ್ಣಗೆ ಮಾಡೋಷ್ಟರಲ್ಲಿ ಶೆಡ್ಯೂಲ್ ಹಳ್ಳ ಹಿಡಿದಿರುತ್ತೆ.

ನಮ್ ಸೀನಿಯರ್ ಟೆಕ್ನಿಷಿಯನ್ ಒಬ್ರಿದಾರೆ, ಎಲ್ರಿಗೂ ಅವರು ಅಣ್ಣ. ಅವರು ಗ್ರಾಫ್ ಕಡೆ ತಿರುಗೂ ನೋಡ್ಲಿಲ್ಲ. "ಬಾಗ್ಲು ಹಾಕೋ ಮುಂಚೆ ತೆಗೆದಿರೋ ಫೋಟೋ ತೋರ್ಸಿ" ಅಂದ್ರು. ಝೂಮ್ ಮಾಡಿದ್ರೆ ಉಳಿದ ಥರ್ಮೋಕಪಲ್‌ಗಳ (ಎರಡು ಬೇರೆ ಲೋಹದ ಎಳೆಗಳ ತುದಿ ಸೇರಿಸಿ ಮಾಡಿರೋ ಸೆನ್ಸರ್) ವೈರ್ ಒಂದು ಗೇಣಿನಷ್ಟು ಪ್ಲೇಟ್‌ಗೇ ಅಂಟ್ಕೊಂಡು ಹೋಗಿ ಆಮೇಲೆ ಮೇಲೆ ಎದ್ದಿದೆ, ಇದೊಂದರದ್ದು ಮಾತ್ರ ಟೇಪ್ ಮುಗಿದ ತಕ್ಷಣ ನೆಟ್ಟಗೆ ಎದ್ದು ಶ್ರೌಡ್ ಪಕ್ಕದಲ್ಲಿ ನೇತಾಡ್ತಿದೆ. ನಾವು ಹಾಕೋದು ಟಿ ಟೈಪು, ಒಂದು ಎಳೆ ತಾಮ್ರ, ಇನ್ನೊಂದು ಕಾನ್ಸ್ಟಂಟಾನ್ ಅನ್ನೋ ತಾಮ್ರ-ನಿಕಲ್ ಮಿಶ್ರಲೋಹ. ತಾಮ್ರ ಎಷ್ಟು ಚೆನ್ನಾಗಿ ಶಾಖ ಸಾಗಿಸುತ್ತೆ ಅಂತ ಹೇಳ್ಬೇಕಾಗಿಲ್ಲ. ವೈರು ಶ್ರೌಡ್ ಎದುರಿಗೆ ತಣ್ಣಗಾಗ್ತಾ ಹೋಗುತ್ತೆ, ಎರಡೂ ಎಳೆ ಸೇರೋ ತುದಿ, ಅಂದ್ರೆ ಜಂಕ್ಷನ್‌ನಿಂದ ಶಾಖ ಎಳ್ಕೊಳ್ತಾ ಹೋಗುತ್ತೆ, ಅತ್ತ ಪ್ಲೇಟು ಆರಾಮಾಗಿದೆ. ಹೊರಗಡೆ ಆಗಿದ್ರೆ ಸುತ್ತಲಿನ ಗಾಳಿ ಇದನ್ನ ಅಷ್ಟೋ ಇಷ್ಟೋ ಸರಿದೂಗಿಸ್ತಿತ್ತು, ವ್ಯಾಕ್ಯೂಮ್‌ನಲ್ಲಿ ಆ ಸಹಾಯ ಎಲ್ಲಿ.

ಆದ್ರೆ ಫೋಟೋ ಒಂದೇ ಸಾಕಾಗಲ್ಲ, ಕಸ್ಟಮರ್‌ಗೆ ಪ್ರೂಫ್ ಬೇಕು. ಹೀಟರ್ ಕರೆಂಟ್ ನೋಡಿದ್ವಿ, ನಾರ್ಮಲ್. ಬಾಕ್ಸ್ ಒಳಗಿನ ಅದರದ್ದೇ ಥರ್ಮಿಸ್ಟರ್ (ಇನ್ನೊಂದು ಥರದ ಟೆಂಪರೇಚರ್ ಸೆನ್ಸರ್) ಪಕ್ಕದ ಚಾನೆಲ್‌ಗಳ ಜೊತೆ ಹೊಂದ್ತಾ ಇತ್ತು. ಅಣ್ಣ ಹೇಳಿದ್ದು ಇಷ್ಟೇ, ಹಾಟ್ ಸೈಕಲ್‌ವರೆಗೂ ಕಾಯಿರಿ, ಶ್ರೌಡೂ ಪ್ಲೇಟೂ ಒಂದೇ ಟೆಂಪರೇಚರ್‌ಗೆ ಬಂದಾಗ ಈ ವ್ಯತ್ಯಾಸ ತಾನಾಗೇ ಮಾಯ ಆದ್ರೆ ತಪ್ಪು ವೈರಿಂದು, ಆಗ್ಲಿಲ್ಲಾಂದ್ರೆ ಬಾಕ್ಸಿಂದು. ಮಾಯ ಆಯ್ತು. ಇಂಜಿನಿಯರ್ ಸಾಹೇಬ್ರು ಕಾಫಿ ಕುಡಿಯೋಕೆ ಹೋದ್ರು.

ಚಂದ್ರಯಾನ-3ರಲ್ಲಿದ್ದ ಚೇಸ್ಟ್ (ಚಂದ್ರನ ಮೇಲ್ಮಣ್ಣಿನ ಟೆಂಪರೇಚರ್ ಅಳೆಯೋ ಉಪಕರಣ) ಡೇಟಾ ಬಂದಾಗ ನನಗೆ ಇದೇ ತಲೆಯಲ್ಲಿ ಓಡ್ತಿತ್ತು. ವಿಕ್ರಮ್ ಇಳಿದಿದ್ದು 2023ರ ಆಗಸ್ಟ್ 23, ನಾಲ್ಕೇ ದಿನದಲ್ಲಿ ಇಸ್ರೋ ಗ್ರಾಫ್ ಹಾಕ್ತು. ಮೇಲ್ಗಡೆ ಸುಮಾರು 50 ಡಿಗ್ರಿ, 8 ಸೆಂಟಿಮೀಟರ್ ಕೆಳಗೆ ಮೈನಸ್ 10! ಜನ ವಾಟ್ಸಾಪಲ್ಲಿ ಆ ನಂಬರ್ ಫಾರ್ವರ್ಡ್ ಮಾಡ್ತಿದ್ರೆ ನಾನು ಪ್ರೋಬ್ ಫೋಟೋ ಹುಡುಕ್ತಿದ್ದೆ. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಸ್ಪೇಸ್ ಸೆಂಟರ್ (ವಿಎಸ್‌ಎಸ್‌ಸಿ) ಒಳಗಿರೋ ಸ್ಪೇಸ್ ಫಿಸಿಕ್ಸ್ ಲ್ಯಾಬೊರೇಟರಿಯೋರು ಅಹಮದಾಬಾದ್‌ನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ (ಪಿಆರ್‌ಎಲ್) ಜೊತೆ ಸೇರಿ ಮಾಡಿದ್ದು, 10 ಸೆಂಟಿಮೀಟರ್ ಆಳಕ್ಕೆ ಇಳಿಯೋ ಪ್ರೋಬು, ಅದರ ಉದ್ದಕ್ಕೂ 10 ಸೆನ್ಸರ್. ಚಂದ್ರನ ಮಣ್ಣು ಶಾಖ ಸಾಗಿಸೋದರಲ್ಲಿ ಮಹಾ ಸೋಮಾರಿ, ಹಂಗಾಗಿ ಪ್ರೋಬ್‌ನ ಮೈಯೇ ಮಣ್ಣಿಗಿಂತ ಚೆನ್ನಾಗಿ ಶಾಖ ಸಾಗಿಸಿಬಿಟ್ರೆ ಮೇಲಿನ ಬಿಸಿ ಪ್ರೋಬ್ ಮೂಲಕಾನೇ ಕೆಳಗಿಳಿದು ಗ್ರಾಫ್ ಕೆಡುತ್ತೆ. ನಮ್ಮ ತಾಮ್ರದ ವೈರಿನ ಕಥೆನೇ, ಜಾಗ ಮಾತ್ರ ಬೇರೆ. ಇನ್ನು ಪ್ಲಾಟಿನಂ ಸೆನ್ಸರ್ ಟೆಂಪರೇಚರ್ ಹೇಳೋದು ಅದರ ರೆಸಿಸ್ಟೆನ್ಸ್‌ನಿಂದ, ಅದನ್ನ ಓದೋಕೆ ಕರೆಂಟ್ ಬಿಡ್ಲೇಬೇಕು, 100 ಓಮ್‌ಗೆ 1 ಮಿಲಿಆಂಪಿಯರ್ ಅಂದ್ರೆ 0.1 ಮಿಲಿವ್ಯಾಟ್, ಏನೇನೂ ಅಲ್ಲ ಅನ್ಸುತ್ತೆ, ಆದ್ರೆ ಸುತ್ತ ಗಾಳಿ ಇಲ್ಲದ, ಶಾಖ ಹೊರಗೆ ಹೋಗೋಕೆ ದಾರಿ ಇಲ್ಲದ ಜಾಗದಲ್ಲಿ ಸೆನ್ಸರ್ ತನ್ನನ್ನ ತಾನೇ ಬೆಚ್ಚಗೆ ಮಾಡ್ಕೊಳ್ಳುತ್ತೆ. ಟೂ ವೈರ್ ಕನೆಕ್ಷನ್ ಕೊಟ್ರಂತೂ ಕೇಳಲೇಬೇಡಿ, ಪಿಟಿ 100 ಅನ್ನೋ 100 ಓಮ್ ಪ್ಲಾಟಿನಂ ಸೆನ್ಸರ್‌ನಲ್ಲಿ ಒಂದು ಡಿಗ್ರಿಗೆ ಬದಲಾಗೋದೇ ಸುಮಾರು 0.385 ಓಮ್, ವೈರ್‌ನದ್ದೇ 2 ಓಮ್ ಇದ್ರೆ ಐದು ಡಿಗ್ರಿ ಪುಕ್ಕಟೆ ಸೇರ್ಕೊಳ್ತು. ಫೋರ್ ವೈರ್ ಹಾಕಿ, ಆಗ ವೈರ್‌ನ ಓಮ್ ಲೆಕ್ಕಕ್ಕೆ ಬರಲ್ಲ, ವೈರ್ ಖರ್ಚಿಗೆ ಅಳಬೇಡಿ.

ಆಮೇಲೆ 2025ರಲ್ಲಿ ಚೇಸ್ಟ್ ಟೀಮ್‌ನ ಪೇಪರ್ ಬಂತು. ಪ್ರೋಬ್ ಚುಚ್ಚಿದ ಜಾಗದಲ್ಲಿ ಹಗಲು ಮೇಲ್ಮೈ 82 ಡಿಗ್ರಿವರೆಗೂ ಹೋಗಿತ್ತು, ಒಂದು ಮೀಟರ್ ಆಚೆ ಸಮತಟ್ಟಾಗಿರೋ ಕಡೆ ಸುಮಾರು 59 ಅಷ್ಟೇ. ಕಾರಣ ಏನಂದ್ರೆ ಪ್ರೋಬ್ ಇಳಿದಿದ್ದು ಸೂರ್ಯನ ಕಡೆ ಬರೀ 6 ಡಿಗ್ರಿ ವಾಲಿರೋ ನೆಲಕ್ಕೆ. ಇದನ್ನ ಓದಿ ನಿಜವಾಗ್ಲೂ ಖುಷಿಯಾಯ್ತು. ನಂಬರ್ ಜೊತೆ ಅದು ಎಲ್ಲಿ, ಯಾವ ಇಳಿಜಾರಲ್ಲಿ ಕೂತಿತ್ತು ಅಂತಾನೂ ಬರೆದಿದಾರಲ್ಲ, ಅದಿಲ್ದೇ ಹೋಗಿದ್ರೆ 82 ಅನ್ನೋದನ್ನ ಇಡೀ ದಕ್ಷಿಣ ಭಾಗಕ್ಕೇ ಅಂಟಿಸಿಬಿಡ್ತಿದ್ರು ಜನ.

ಅಪೋಲೋದು ಇನ್ನೂ ಮಜಾ ಇದೆ. ಅಪೋಲೋ 16ರಲ್ಲಿ ಗಗನಯಾತ್ರಿ ಜಾನ್ ಯಂಗ್ ಕಾಲಿಗೆ, ಚಂದ್ರನ ಒಳಗಿಂದ ಬರೋ ಶಾಖ ಅಳೆಯೋ ಹೀಟ್ ಫ್ಲೋ ಸೆನ್ಸರ್‌ನ ಕೇಬಲ್ ಸಿಕ್ಕು ಕಿತ್ತೇ ಹೋಯ್ತು, ಪ್ರಯೋಗ ಅಲ್ಲಿಗೇ ಮುಗೀತು (ನಮ್ ಲ್ಯಾಬಲ್ಲಿ ಕೇಬಲ್ ಎಡವೋರಿಗೆ ಇದೊಂದು ಸಮಾಧಾನ). 15 ಮತ್ತೆ 17ರ ಪ್ರೋಬ್‌ಗಳು 1977ರವರೆಗೂ ಕೆಲಸ ಮಾಡಿದ್ವು, ನೆಲದೊಳಗೆ ಬಿಸಿ ನಿಧಾನಕ್ಕೆ ಏರ್ತಾ ಇರೋ ಹಾಗೆ ತೋರಿಸಿದ್ವು, ಯಾಕೆ ಅಂತ ದಶಕಗಳ ಕಾಲ ತಲೆ ಕೆಡಿಸ್ಕೊಂಡ್ರು. ಕಳೆದುಹೋಗಿದ್ದ ಟೇಪ್‌ಗಳಲ್ಲಿ ಒಂದಷ್ಟು ಸಿಕ್ಕು 2018ರಲ್ಲಿ ವಿಶ್ಲೇಷಣೆ ಬಂತು, ಅದರ ಪ್ರಕಾರ ಗಗನಯಾತ್ರಿಗಳು ಓಡಾಡಿ ಮೇಲಿನ ಧೂಳು ಕೆದಕಿದ್ದರಿಂದ ನೆಲ ಸ್ವಲ್ಪ ಕಪ್ಪಾಗಿ ಜಾಸ್ತಿ ಬಿಸಿಲು ಹೀರಿಕೊಂಡಿತ್ತು. ಸೆನ್ಸರ್ ಸರಿಯಾಗೇ ಇತ್ತು ಕಣ್ರೀ, ಇಡೋಕೆ ಹೋದೋರ ಹೆಜ್ಜೆನೂ ಅಳತೆಯೊಳಗೆ ಸೇರ್ಕೊಂಡಿತ್ತು.

ನಮ್ಮಲ್ಲಿ ಈಗ ಚಾನೆಲ್ ಶೀಟ್‌ನಲ್ಲಿ ಎರಡು ಕಾಲಮ್ ಜಾಸ್ತಿಯಾಗಿದೆ, ವೈರ್ ಯಾವ ಕಡೆಯಿಂದ ಹೋಗಿದೆ, ಮೇಲೆ ಯಾವ ಟೇಪು. ಪ್ರತಿ ಸೆನ್ಸರ್‌ದೂ ಹತ್ತಿರದಿಂದ ಒಂದು ಫೋಟೋ, ಪಕ್ಕದಲ್ಲಿ ಚಾನೆಲ್ ನಂಬರ್ ಚೀಟಿ ಕಾಣ್ಬೇಕು. ಅರ್ಧ ದಿನ ಹೋಗುತ್ತೆ ಅಂತ ಕಸ್ಟಮರ್ ಗೊಣಗ್ತಾರೆ, ಗೊಣಗಲಿ. ಒಂದು ವಿಷ್ಯದಲ್ಲಿ ಮಾತ್ರ ನಮ್ಮೊಳಗೇ ಇನ್ನೂ ಜಗಳ ಇದೆ, ಐಆರ್ (ಇನ್‌ಫ್ರಾರೆಡ್) ಲ್ಯಾಂಪ್ ಹಾಕೋ ಟೆಸ್ಟಲ್ಲಿ ಸೆನ್ಸರ್ ಅಂಟಿಸೋ ಕ್ಯಾಪ್ಟಾನ್ ಟೇಪ್ (ಬಿಸಿ ತಡ್ಕೊಳ್ಳೋ ಪ್ಲಾಸ್ಟಿಕ್ ಟೇಪು) ಲ್ಯಾಂಪ್ ಬಿಸಿ ತಾನೇ ಹೀರ್ಕೊಂಡು ರೀಡಿಂಗ್ ಏರಿಸುತ್ತೆ ಅಂತ ನಾನು ಅದರ ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಿ ಅಂತೀನಿ, ಅಣ್ಣ ಬೇಡ ಅಂತಾರೆ, ಅಕ್ಕಪಕ್ಕದ ಮೇಲ್ಮೈ ಹೇಗಿದೆಯೋ ಟೇಪೂ ಹಂಗೇ ಇರ್ಬೇಕು ಅನ್ನೋದು ಅವರ ವಾದ. ಈ ಲೈನಲ್ಲಿರೋರು ಯಾರಾದ್ರೂ ಇದ್ರೆ ನೀವೇನು ಮಾಡ್ತೀರಿ ಹೇಳಿ.