ಕುದಿಸಬಾರದ ಕಷಾಯ

ಸುಮಾರು ಒಂದು ವರ್ಷ ಕಾಲ ನಾನು ಜೀರಿಗೆ, ಕೊತ್ತಂಬರಿ ಬೀಜ ಮತ್ತು ಸೋಂಪಿನ ಚಹಾವನ್ನು ತಪ್ಪಾಗಿಯೇ ಮಾಡುತ್ತಿದ್ದೆ. ಮೂರನ್ನೂ ಇಡಿಯಾಗಿ ಪಾತ್ರೆಗೆ ಹಾಕಿ, ಎರಡು ಲೋಟ ನೀರು ಸುರಿದು, ಅದು ಒಂದು ಲೋಟಕ್ಕೆ ಇಳಿಯುವವರೆಗೂ ಮುಚ್ಚಳವಿಲ್ಲದೆ ಕುದಿಸುವುದು ನನ್ನ ಕ್ರಮವಾಗಿತ್ತು. ಮನೆಯೆಲ್ಲ ಘಮಘಮಿಸುತ್ತಿತ್ತು. ಲೋಟದಲ್ಲಿ ಮಾತ್ರ ಕಂದುಬಣ್ಣದ, ಸ್ವಲ್ಪ ಕಹಿಯಾದ, ಯಾವ ವಿಶೇಷವೂ ಇಲ್ಲದ ಬಿಸಿನೀರು ಇರುತ್ತಿತ್ತು. ಔಷಧವೆಂದ ಮೇಲೆ ಕಹಿ ಇರಲೇಬೇಕಲ್ಲ ಎಂದು ಸಮಾಧಾನ ಮಾಡಿಕೊಂಡು ಅದನ್ನೇ ಕುಡಿಯುತ್ತಿದ್ದೆ. ಅಡುಗೆಮನೆಯಲ್ಲಿ ಹರಡಿದ ಆ ಪರಿಮಳವೇ ಲೋಟದೊಳಗೆ ಇರಬೇಕಾದ ವಸ್ತು ಎಂಬುದು ಹೊಳೆಯಲು ಅಷ್ಟು ಕಾಲ ಹಿಡಿಯಿತು.

ತಪ್ಪಿನ ಮೂಲ ಹೆಸರಿನಲ್ಲಿಯೇ ಇತ್ತು ಎಂದು ಈಗ ಅನ್ನಿಸುತ್ತದೆ. ಮಸಾಲೆ ಪದಾರ್ಥಗಳನ್ನು ನೀರಿಗೆ ಹಾಕಿ ಕುದಿಸಿದ್ದನ್ನೆಲ್ಲ ನಾವು ಕಷಾಯ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆಯುರ್ವೇದವಾದರೋ ಮೂಲಿಕೆಯ ಸಾರ ತೆಗೆಯುವುದಕ್ಕೆ ಐದು ಮೂಲಕ್ರಮಗಳನ್ನು ಹೇಳುತ್ತದೆ: ಹಿಂಡಿ ತೆಗೆದ ರಸವಾದರೆ ಸ್ವರಸ, ಅರೆದ ಮುದ್ದೆಯಾದರೆ ಕಲ್ಕ, ಕುದಿಸಿ ಇಂಗಿಸಿದ್ದು ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು ಹಿಮ, ಬಿಸಿನೀರು ಸುರಿದು ಸೋಸಿದ್ದು ಫಾಂಟ. ಶಾರ್ಙ್ಗಧರ ಸಂಹಿತೆ ಎಂಬ ಆಯುರ್ವೇದ ಗ್ರಂಥದ ಪ್ರಕಾರ ಕ್ವಾಥಕ್ಕೆ ಒಂದು ಭಾಗ ದ್ರವ್ಯಕ್ಕೆ 16 ಭಾಗ ನೀರು ಹಾಕಿ ಎಂಟನೆಯ ಒಂದು ಪಾಲು ಉಳಿಯುವಂತೆ ಕುದಿಸಬೇಕು. ಫಾಂಟಕ್ಕೆ ಜಜ್ಜಿದ ದ್ರವ್ಯದ ಮೇಲೆ ಅದರ ನಾಲ್ಕು ಪಟ್ಟು ಬಿಸಿನೀರನ್ನು ಸುರಿದು ಬಟ್ಟೆಯಲ್ಲಿ ಸೋಸಿದರೆ ಸಾಕು. ಗಟ್ಟಿಯಾದ ತೊಗಟೆ, ಬೇರುಗಳಿಗೆ ಮೊದಲನೆಯ ಕ್ರಮ ಹೊಂದುತ್ತದೆ, ಏಕೆಂದರೆ ಅವುಗಳ ಸತ್ವ ದೀರ್ಘ ಕುದಿತವಿಲ್ಲದೆ ಬಿಡುವುದಿಲ್ಲ. ಪರಿಮಳವೇ ಸತ್ವವಾಗಿರುವ ಬೀಜಗಳಿಗೆ ಎರಡನೆಯದು ಸರಿ. ಕ್ವಾಥ ಕುದಿಸುವಾಗ ಪಾತ್ರೆಯ ಬಾಯಿ ತೆರೆದಿರಬೇಕು ಎಂಬ ಮಾತು ವೈದ್ಯರಲ್ಲಿ ಹಿಂದಿನಿಂದಲೂ ಇದೆ. ನಾನು ಆ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದೆ, ಆದರೆ ಅದು ಅನ್ವಯಿಸದ ಪದಾರ್ಥದ ಮೇಲೆ.

ಈ ಬೀಜಗಳನ್ನು ಬೀಜ ಎನ್ನುವುದೇ ಸಸ್ಯಶಾಸ್ತ್ರದ ದೃಷ್ಟಿಯಿಂದ ಪೂರ್ತಿ ಸರಿಯಲ್ಲ. ಜೀರಿಗೆ, ಕೊತ್ತಂಬರಿ, ಸೋಂಪು, ಓಮ, ಸಬ್ಬಸಿಗೆ ಇವೆಲ್ಲವೂ ಕ್ಯಾರೆಟ್ಟಿನ ಕುಟುಂಬಕ್ಕೆ, ಅಂದರೆ ಏಪಿಯೇಸಿ ಎಂಬ ಕುಟುಂಬಕ್ಕೆ ಸೇರಿದವು. ಛತ್ರಿಯ ಕಡ್ಡಿಗಳಂತೆ ಹರಡಿಕೊಂಡ ಹೂಗೊಂಚಲು ಈ ಕುಟುಂಬದ ಗುರುತು. ನಮ್ಮ ಡಬ್ಬಿಯಲ್ಲಿರುವುದು ಆ ಗಿಡಗಳ ಒಣಗಿದ ಪುಟ್ಟ ಹಣ್ಣುಗಳು. ಪ್ರತಿಯೊಂದು ಹಣ್ಣೂ ಎರಡು ಹೋಳುಗಳ ಜೋಡಣೆ. ಸೋಂಪಿನ ಒಂದು ಕಾಳನ್ನು ಬೆರಳುಗಳ ನಡುವೆ ಹೊಸೆದರೆ ಅದು ಉದ್ದಕ್ಕೆ ಎರಡಾಗಿ ಬಿಡುತ್ತದೆ, ಒಂದೊಂದು ಹೋಳಿನ ಬೆನ್ನ ಮೇಲೂ ಐದು ಏಣುಗಳು ಕಾಣುತ್ತವೆ. ಸುಗಂಧ ತೈಲ ಇರುವುದು ಏಣಿನಲ್ಲಲ್ಲ, ಏಣುಗಳ ನಡುವಿನ ತಗ್ಗಿನ ಕೆಳಗೆ ಸಿಪ್ಪೆಯೊಳಗೆ ಹುದುಗಿರುವ ಸಣ್ಣ ನಾಳಗಳಲ್ಲಿ. ಸೋಂಪಿನ ಪ್ರತಿ ಹೋಳಿನಲ್ಲಿ ಅಂತಹ ಆರು ನಾಳಗಳಿರುತ್ತವೆ, ಬೆನ್ನಿನ ಕಡೆ ನಾಲ್ಕು ಮತ್ತು ಒಳಮೈಯಲ್ಲಿ ಎರಡು. ಜೀರಿಗೆಯೂ ಹಾಗೆಯೇ. ಬಲಿತ ಕೊತ್ತಂಬರಿಯ ಕಥೆ ಬೇರೆ: ಅದರ ನಾಳಗಳು ಹೋಳಿಗೆ ಎರಡೇ, ಅವೂ ಎರಡು ಹೋಳುಗಳು ಎದುರುಬದುರಾಗುವ ಒಳಮೈಯಲ್ಲಿ ಅಡಗಿವೆ. ಗುಂಡಗೆ ಮುಚ್ಚಿಕೊಂಡಿರುವ ಕೊತ್ತಂಬರಿ ಕಾಳನ್ನು ಇಡಿಯಾಗಿ ಎಷ್ಟು ಹೊತ್ತು ಬಿಸಿನೀರಿನಲ್ಲಿ ಇಟ್ಟರೂ ಅದು ಜಿಪುಣತನವನ್ನೇ ತೋರಿಸುವುದು ಇದೇ ಕಾರಣಕ್ಕೆ. ಇದನ್ನು ತಿಳಿದ ಮೇಲೆ ನಾನು ಕೊತ್ತಂಬರಿಯನ್ನು ಬೇರೆಯಾಗಿ, ಮೊದಲು ಜಜ್ಜಿಕೊಳ್ಳುತ್ತೇನೆ.

ತೈಲದ ಪ್ರಮಾಣವೂ ಮೂರರಲ್ಲಿ ಒಂದೇ ಅಲ್ಲ. ಜೀರಿಗೆಯ ತೂಕದಲ್ಲಿ ಸಾಮಾನ್ಯವಾಗಿ ಶೇ. 2ರಿಂದ 4ರಷ್ಟು ಸುಗಂಧ ತೈಲವಿರುತ್ತದೆ, ಸೋಂಪಿನಲ್ಲಿ ಶೇ. 2 ಅಥವಾ ಅದಕ್ಕೂ ಹೆಚ್ಚು, ಕೊತ್ತಂಬರಿಯಲ್ಲಿ ಹೆಚ್ಚಾಗಿ ಶೇ. 1ಕ್ಕಿಂತ ಕಡಿಮೆ. ಜೀರಿಗೆಗೆ ಅದರ ಗಾಢವಾದ ವಾಸನೆಯನ್ನು ಕೊಡುವುದು ಕ್ಯುಮಿನಾಲ್ಡಿಹೈಡ್, ಕೊತ್ತಂಬರಿಯ ಹಗುರವಾದ ಹೂವಿನ ಕಂಪಿಗೆ ಲಿನಾಲೂಲ್, ಸೋಂಪಿನ ಸಿಹಿಗೆ ಅನೆಥೋಲ್. ಇವೆಲ್ಲವೂ ನೀರಿನಲ್ಲಿ ಅಷ್ಟಾಗಿ ಕರಗದವು, ಆದರೆ ನೀರಿನ ಆವಿಯೊಡನೆ ಸಲೀಸಾಗಿ ಮೇಲೇಳುವವು. ಸುಗಂಧ ತೈಲವನ್ನು ತಯಾರಿಸುವವರು ಇದೇ ಗುಣವನ್ನು ಬಳಸಿಕೊಂಡು, ಬೀಜಗಳ ಮೂಲಕ ಆವಿಯನ್ನು ಹಾಯಿಸಿ, ಆ ಆವಿಯನ್ನು ತಣಿಸಿ ಎಣ್ಣೆಯನ್ನು ಬೇರ್ಪಡಿಸುತ್ತಾರೆ. ಒಂದು ವರ್ಷ ಕಾಲ ನಾನೂ ಅದೇ ಭಟ್ಟಿ ಇಳಿಸುವ ಕೆಲಸ ಮಾಡಿದ್ದೆ. ಎಣ್ಣೆಯನ್ನು ಹಿಡಿದುಕೊಳ್ಳುವ ಪಾತ್ರೆಯನ್ನು ಮಾತ್ರ ಇಟ್ಟಿರಲಿಲ್ಲ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಅರ್ಧ ಲೀಟರ್ ನೀರಿಗೆ ಮೂರೂ ಬೀಜಗಳು ತಲಾ ಅರ್ಧ ಟೀ ಚಮಚ, ಒಟ್ಟು ಸುಮಾರು 3 ಗ್ರಾಂ. ಕುಟ್ಟಾಣಿಯಲ್ಲಿ ಕೊತ್ತಂಬರಿಯನ್ನು ಹಾಕಿ ಎರಡು ಏಟು ಕೊಟ್ಟು, ಕಾಳು ಒಡೆದು ಒಳಗಿನ ಟೊಳ್ಳು ಕಾಣಿಸಿದ ಮೇಲೆ ಜೀರಿಗೆ ಮತ್ತು ಸೋಂಪನ್ನು ಸೇರಿಸಿ ತರಿತರಿಯಾಗಿ ಜಜ್ಜುತ್ತೇನೆ. ಪುಡಿ ಮಾಡುವುದಿಲ್ಲ. ಪುಡಿಯಾದರೆ ನೀರು ಬಗ್ಗಡವಾಗುತ್ತದೆ, ಸೋಸಿದರೂ ತಳದಲ್ಲಿ ಗಸಿ ನಿಲ್ಲುತ್ತದೆ, ಕೊನೆಯ ಗುಟುಕು ಗಂಟಲಿಗೆ ಅಂಟುತ್ತದೆ. ಮೊದಲೇ ಜಜ್ಜಿ ಡಬ್ಬಿಯಲ್ಲಿ ತುಂಬಿಡುವುದೂ ಬೇಡ. ನಾಳ ಒಡೆದ ಕ್ಷಣದಿಂದ ಪರಿಮಳ ಹೊರಡಲು ಆರಂಭಿಸುತ್ತದೆ. ನೀರು ಕುದಿದ ಕೂಡಲೇ ಉರಿಯನ್ನು ಆರಿಸಿ, ಜಜ್ಜಿದ್ದನ್ನು ಹಾಕಿ, ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ 10ರಿಂದ 15 ನಿಮಿಷ ಬಿಡುತ್ತೇನೆ. ಮುಚ್ಚಳವನ್ನು ತೆಗೆಯುವ ರೀತಿಯಲ್ಲಿಯೂ ಒಂದು ಎಚ್ಚರವಿದೆ. ಅದನ್ನು ಮೇಲಕ್ಕೆತ್ತಿ ಪಕ್ಕಕ್ಕಿಡುವ ಮೊದಲು ಪಾತ್ರೆಯ ಮೇಲೆಯೇ ಓರೆಯಾಗಿ ಹಿಡಿದು, ಒಳಮೈಯಲ್ಲಿ ಸಾಲುಗಟ್ಟಿದ ಹನಿಗಳನ್ನು ಪಾತ್ರೆಯೊಳಕ್ಕೇ ಇಳಿಸಬೇಕು. ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಮೂಸಿ ನೋಡಿದರೆ ಯಾಕೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಸೋಸಿದ ಚಹಾ ತಿಳಿ ಹೊಂಬಣ್ಣಕ್ಕಿರುತ್ತದೆ, ಕಂದು ಬಣ್ಣಕ್ಕಲ್ಲ. ಸೋಂಪಿನಿಂದಾಗಿ ಅದು ತನ್ನಷ್ಟಕ್ಕೆ ಸಿಹಿಯಾಗಿರುವುದರಿಂದ ಸಕ್ಕರೆ ಬೇಕೆನಿಸುವುದಿಲ್ಲ. ಜೇನುತುಪ್ಪ ಹಾಕುವವರು ಚಹಾ ಉಗುರುಬೆಚ್ಚಗಾದ ಮೇಲೆ ಹಾಕುವುದು ಒಳ್ಳೆಯದು. ಬಿಸಿಯೊಡನೆ ಜೇನು ಸಲ್ಲದೆಂದು ಆಯುರ್ವೇದದಲ್ಲಿ ಸ್ಪಷ್ಟವಾಗಿಯೇ ಹೇಳಿದೆ.

ಬೀಜಗಳನ್ನು ಹುರಿದು ಹಾಕಬೇಕೆ ಎಂದು ಕೇಳುವವರಿದ್ದಾರೆ. ಹುರಿದರೆ ಬೇರೊಂದು ರುಚಿ ಹುಟ್ಟುತ್ತದೆ, ಅದು ಚೆನ್ನಾಗಿಯೂ ಇರುತ್ತದೆ, ಆದರೆ ಹಸಿ ಬೀಜದ ಪರಿಮಳದ ಒಂದು ಪಾಲು ಬಾಣಲೆಯಿಂದಲೇ ಹೊರಟುಹೋಗುತ್ತದೆ. ಸಾರಿಗೆ ಹುರಿಯೋಣ, ಚಹಾಕ್ಕೆ ಬೇಡ ಎಂಬುದು ನನ್ನ ಪಕ್ಷ.

ಇನ್ನು ಜೀರ್ಣದ ವಿಚಾರ. ಜೀರಕ ಎಂಬ ಸಂಸ್ಕೃತ ಪದವೂ ಜೀರ್ಣ ಎಂಬ ಪದವೂ ಒಂದೇ ಧಾತುವಿನಿಂದ ಬಂದವು, ಹಾಗಾಗಿ ಜೀರಿಗೆಯ ಕೆಲಸ ಅದರ ಹೆಸರಿನಲ್ಲಿಯೇ ಇದೆ. ಆದರೆ ಆಯುರ್ವೇದವು ‘ಜೀರ್ಣಕ್ಕೆ ಒಳ್ಳೆಯದು’ ಎಂಬ ಸಡಿಲ ಮಾತಿಗೆ ನಿಲ್ಲುವುದಿಲ್ಲ. ಅಗ್ನಿಯನ್ನು, ಅಂದರೆ ಜೀರ್ಣಶಕ್ತಿಯನ್ನು, ಉದ್ದೀಪಿಸುವುದು ದೀಪನ, ಜೀರ್ಣವಾಗದೆ ಉಳಿದ ಆಮವನ್ನು ಪಕ್ವಗೊಳಿಸುವುದು ಪಾಚನ, ಇವೆರಡೂ ಬೇರೆ ಬೇರೆ. ಶಾರ್ಙ್ಗಧರನು ಈ ಎರಡರ ಲಕ್ಷಣವನ್ನು ಹೇಳುವಾಗ, ಆಮವನ್ನು ಪಚನ ಮಾಡದೆ ಅಗ್ನಿಯನ್ನಷ್ಟೇ ಹೆಚ್ಚಿಸುವ ದ್ರವ್ಯಕ್ಕೆ ಕೊಡುವ ಉದಾಹರಣೆ ‘ಮಿಶಿ’. ಇದನ್ನು ಸಾಮಾನ್ಯವಾಗಿ ಸೋಂಪು ಎಂದೇ ಅರ್ಥೈಸುತ್ತಾರೆ. ಅಂದರೆ ಸೋಂಪು ಒಲೆಯನ್ನು ಊದುತ್ತದೆ, ಒಲೆಯ ಮೇಲೆ ಅರೆಬೆಂದು ಕುಳಿತಿರುವುದನ್ನು ತಾನೇ ಬೇಯಿಸುವುದಿಲ್ಲ. ಈ ಚಹಾ ಒಳಗಿನ ಕಲ್ಮಷವನ್ನೆಲ್ಲ ತೊಳೆದುಹಾಕುತ್ತದೆ ಎಂದು ಉತ್ಸಾಹದಿಂದ ಹೇಳುವವರನ್ನು ಕಂಡಾಗ ನನಗೆ ಈ ಸೂಕ್ಷ್ಮ ಭೇದ ನೆನಪಾಗುತ್ತದೆ.

ಅಗ್ನಿಯೂ ಎಲ್ಲರಲ್ಲಿ ಒಂದೇ ಬಗೆಯಲ್ಲ. ಒಮ್ಮೆ ಹಸಿವು ಒಮ್ಮೆ ಇಲ್ಲವೆನ್ನುವ ವಿಷಮಾಗ್ನಿ, ತಿಂದದ್ದು ಭಾರವಾಗಿ ಕೂರುವ ಮಂದಾಗ್ನಿ, ಉರಿ ಉರಿಯಾಗುವ ತೀಕ್ಷ್ಣಾಗ್ನಿ, ಇವುಗಳಾಚೆಗೆ ಸರಿಯಾಗಿರುವ ಸಮಾಗ್ನಿ. ಹೊಟ್ಟೆ ಭಾರವಾಗಿ ಉಬ್ಬರಿಸಿದ ದಿನ ನಾನು ಉಷ್ಣವೀರ್ಯದ, ಅಂದರೆ ಮೈಗೆ ಉಷ್ಣ ತರುವ, ಜೀರಿಗೆಯನ್ನು ಇಮ್ಮಡಿ ಮಾಡಿಕೊಂಡು ಒಂದು ಚಿಟಿಕೆ ಓಮವನ್ನೂ ಸೇರಿಸುತ್ತೇನೆ. ಓಮದಲ್ಲಿರುವ ಥೈಮಾಲ್ ಬಹಳ ಖಾರವಾದ್ದರಿಂದ ಚಿಟಿಕೆಯನ್ನು ದಾಟಿದರೆ ಉಳಿದ ಮೂರೂ ಸೋತುಹೋಗುತ್ತವೆ. ಎದೆಯುರಿಯ ಸ್ವಭಾವದವರಿಗೆ ಈ ಬಿಸಿ ಚಹಾಕ್ಕಿಂತ ಧಾನ್ಯಕ ಹಿಮವೇ ಮೇಲು ಎಂದು ನನ್ನ ಅನಿಸಿಕೆ. ಜಜ್ಜಿದ ಕೊತ್ತಂಬರಿ ಬೀಜವನ್ನು ಆರು ಪಟ್ಟು ತಣ್ಣೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಸೋಸಿ, ಸ್ವಲ್ಪ ಸಕ್ಕರೆ ಸೇರಿಸಿ ಕುಡಿಯುವ ಈ ಪಾನೀಯವನ್ನು ಮೈಯೊಳಗಿನ ಉರಿ ಮತ್ತು ಬಾಯಾರಿಕೆಗೆಂದೇ ಹೇಳಲಾಗಿದೆ. ಒಲೆ ಹಚ್ಚುವ ಪ್ರಶ್ನೆಯೇ ಇಲ್ಲವಾದ್ದರಿಂದ ಪರಿಮಳ ಹಾರಿಹೋಗುವ ಭಯವೂ ಇಲ್ಲ.

ಆಧುನಿಕ ವೈದ್ಯಶಾಸ್ತ್ರದ ಮಾತು ಇನ್ನೂ ಅಳತೆಯದ್ದು. ಈ ತೈಲಗಳು ಕರುಳಿನ ನಯವಾದ ಸ್ನಾಯುಗಳ ಬಿಗಿತವನ್ನು ಸಡಿಲಿಸುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ, ಸೆಟೆತ ಕಡಿಮೆಯಾದರೆ ಸಿಕ್ಕಿಕೊಂಡ ವಾಯು ಮುಂದಕ್ಕೆ ಸರಿಯುತ್ತದೆ. ಮನುಷ್ಯರ ಮೇಲೆ ನಡೆದ ಗಟ್ಟಿಯಾದ ಪರೀಕ್ಷೆಗಳು ಮಾತ್ರ ಕಡಿಮೆ. ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿಯು ಉಬ್ಬರ ಮತ್ತು ವಾಯುವಿಗೆ ಸೋಂಪಿನ ಚಹಾವನ್ನು ಒಪ್ಪಿಕೊಂಡಿರುವುದೂ ದೀರ್ಘ ಕಾಲದ ಬಳಕೆಯ ಆಧಾರದ ಮೇಲೆಯೇ. ಅದು ವಯಸ್ಕರಿಗೆ ಹೇಳುವ ಪ್ರಮಾಣ ಇದು: ಆಗತಾನೆ ಜಜ್ಜಿದ ಸೋಂಪು 1.5ರಿಂದ 2.5 ಗ್ರಾಂ, ಕುದಿದ ನೀರು ಕಾಲು ಲೀಟರ್, 15 ನಿಮಿಷ ನೆನೆತ, ದಿನಕ್ಕೆ ಮೂರು ಸಲ, ಎರಡು ವಾರ ಮೀರದಂತೆ. ಜಜ್ಜು, ಬಿಸಿನೀರು ಸುರಿ, ಕಾಯ್ದು ಸೋಸು ಎಂಬ ಈ ಕ್ರಮ ಫಾಂಟಕ್ಕಿಂತ ಬೇರೆಯೇನಲ್ಲ. ಇದಲ್ಲದೆ ನನಗೆ ದೊರೆಯುವ ಹಿತದಲ್ಲಿ ಒಂದು ಪಾಲು ಬರೀ ಬಿಸಿನೀರಿನದು, ಇನ್ನೊಂದು ಪಾಲು ಊಟದ ನಂತರ ಕಾಲು ಗಂಟೆ ಸುಮ್ಮನೆ ಕುಳಿತದ್ದರದು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಕುಡಿಯುವ ಹೊತ್ತಿನ ಬಗ್ಗೆ ಆಯುರ್ವೇದದ ಆಚಾರ್ಯ ವಾಗ್ಭಟನ ಮಾತೊಂದಿದೆ: ಊಟದ ಮಧ್ಯೆ ನೀರು ಕುಡಿಯುವವರು ಸಮಶರೀರಿಗಳಾಗಿ ಉಳಿಯುತ್ತಾರೆ, ಕೊನೆಯಲ್ಲಿ ಕುಡಿಯುವವರು ಸ್ಥೂಲರಾಗುತ್ತಾರೆ, ಮೊದಲೇ ಕುಡಿಯುವವರು ಕೃಶರಾಗುತ್ತಾರೆ. ನಾನು ಅದಕ್ಕೆ ಮರ್ಯಾದೆ ಕೊಟ್ಟು, ಉಣ್ಣುವಾಗ ನಾಲ್ಕು ಗುಟುಕು ಮಾತ್ರ ಕುಡಿದು, ಉಳಿದದ್ದನ್ನು ಅರ್ಧ ಗಂಟೆಯ ಮೇಲೆ ನಿಧಾನವಾಗಿ ಕುಡಿಯುತ್ತೇನೆ. ಗಟಗಟ ಕುಡಿದರೆ ಚಹಾದೊಡನೆ ಗಾಳಿಯನ್ನೂ ನುಂಗುತ್ತೇವೆ, ಉಬ್ಬರಕ್ಕೆಂದು ಕುಡಿದದ್ದೇ ಉಬ್ಬರಕ್ಕೆ ಕಾರಣವಾಗುತ್ತದೆ.

ಕೆಲವರು ಇದರಿಂದ ದೂರವಿರಬೇಕು. ಸೆಲರಿ, ಕ್ಯಾರೆಟ್ ಅಥವಾ ಇದೇ ಕುಟುಂಬದ ಮಸಾಲೆಗಳ ಅಲರ್ಜಿ ಇರುವವರಿಗೆ ಈ ಮೂರೂ ಒಗ್ಗದೆ ಹೋಗಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ನಿತ್ಯ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಿನವೂ ಕುಡಿಯುವುದು ಬೇಡ, ಏಕೆಂದರೆ ಅಡುಗೆಯಲ್ಲಿ ಒಂದು ಚಿಟಿಕೆ ಬೀಳುವುದಕ್ಕೂ ದಿನಕ್ಕೆ ಮೂರು ಲೋಟ ಸಾರ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಎಳೆಯ ಮಕ್ಕಳಿಗಂತೂ ಬೇಡವೇ ಬೇಡ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ ಅಥವಾ ರಕ್ತ ಕಂಡರೆ, ನುಂಗುವಾಗ ಅನ್ನ ಸಿಕ್ಕಿಕೊಂಡಂತಾದರೆ ಜಜ್ಜುವ ಕೆಲಸವನ್ನು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಎದೆಯ ನೋವು ಬೆವರಿನೊಡನೆ ಬಂದಾಗ ಅದನ್ನು ಗ್ಯಾಸ್ ಎಂದುಕೊಂಡು ನೀರು ಕಾಯಲು ಇಡುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಉಳಿದ ಚಹಾವನ್ನು ಫ್ಲಾಸ್ಕಿನಲ್ಲಿ ಇಡಬಹುದು, ಸೋಸಿದ ಮೇಲೆ. ಒಮ್ಮೆ ಸೋಸುವ ಸೋಮಾರಿತನಕ್ಕೆ ಬೀಜದ ಸಮೇತ ಫ್ಲಾಸ್ಕಿಗೆ ಸುರಿದುಕೊಂಡು ಹೋಗಿದ್ದೆ. ಮಧ್ಯಾಹ್ನಕ್ಕೆ ಮುಚ್ಚಳ ತಿರುಗಿಸಿ ಬಗ್ಗಿಸಿದರೆ, ಒಂದು ವರ್ಷ ನಾನು ಕುಡಿದಿದ್ದ ಅದೇ ಕಂದು ಕಹಿನೀರು ಮತ್ತೆ ಎದುರಾಯಿತು. ಸೋಸಿದ ಚರಟಕ್ಕೆ ಎರಡನೆಯ ಸಲ ಬಿಸಿನೀರು ಹಾಕಿಯೂ ನೋಡಿದ್ದೇನೆ. ಸೋಂಪಿನ ಸಿಹಿ ತುಸು ಉಳಿದಿರುತ್ತದೆ, ಜೀರಿಗೆಯ ಕಹಿ ಬೇಕಾದಷ್ಟು ಇರುತ್ತದೆ, ಕೊತ್ತಂಬರಿ ಮಾತ್ರ ಹೇಳಹೆಸರಿಲ್ಲದಂತೆ ಹೋಗಿರುತ್ತದೆ. ಹಾಗಾಗಿ ಈಗ ಚರಟ ನೇರವಾಗಿ ಗಿಡದ ಕುಂಡಕ್ಕೆ ಹೋಗುತ್ತದೆ.